ಮುಕ್ತನಿಗೆ ಉತ್ತರ

ವಾಷರು ಕೂರಲೊಲ್ಲದು. ನಿರಂಜನ ನಲ್ಲಿಯ ತಲೆಯನ್ನು ಮತ್ತೆ ಬಿಚ್ಚಿದ. ಹೊಸ ವಾಷರನ್ನು ಹೆಬ್ಬೆರಳಿನಿಂದ ಒತ್ತಿ, ಸ್ಪ್ಯಾನರ್ ತಿರುಗಿಸಿ, ಸಿಂಕಿನ ಕೆಳಗಿನ ವಾಲ್ವ್ ತೆರೆದ. ಒಂದು ಕ್ಷಣ ಎಲ್ಲ ಸುಮ್ಮನಿತ್ತು. ಆಮೇಲೆ ನಲ್ಲಿಯ ಬಾಯಲ್ಲಿ ಹನಿಯೊಂದು ದಪ್ಪಗಾಗಿ, ಯೋಚಿಸಿ, ಬಿತ್ತು.

"ಇನ್ನೊಂದ್ಸಲ ಬಿಚ್ಚಿದ್ರೆ ನಲ್ಲೀನೇ ಕೈಗೆ ಬರುತ್ತೆ," ಎಂದಳು ರೇಣುಕಾ, ಒಲೆಯ ಕಡೆಯಿಂದ ತಿರುಗದೆ. "ಮೇಂಟೆನೆನ್ಸ್‌ಗೆ ಒಂದು ಫೋನ್ ಮಾಡಿದ್ರೆ ಆಗ್ತಿತ್ತು."

"ನಾನು ಮಾಡಲ್ಲ ಅಂತ ಗೊತ್ತಲ್ಲ."

"ಗೊತ್ತು. ಗೊತ್ತಿದ್ದೇ ಹೇಳಿದ್ದು."

ವೈಜಾಗ್‌ನ ಗಾಜುವಾಕದ ಗದ್ದಲ ದಾಟಿದ ಮೇಲೆ ಸಿಗುವ ಟೌನ್‌ಶಿಪ್ಪು ಅದು, ಸರ್ಕಾರಿ ವಲಯದ ಕಾರ್ಖಾನೆಯೊಂದರದು. ಅಲ್ಲಿನ ಕ್ವಾರ್ಟರ್ಸಿನಲ್ಲಿ ನಲ್ಲಿ ಸೋರಿದರೆ, ಕದದ ಚಿಲಕ ಸಡಿಲಾದರೆ ಫೋನು ಮಾಡಿದರಾಯಿತು. ಆಳು ಬಂದು ಸರಿಮಾಡಿ ಹೋಗುತ್ತಾನೆ. ಯಾರೂ ಕಾಸು ಬಿಚ್ಚಬೇಕಿಲ್ಲ. ಯಾರೂ ಕಾಸು ಬಿಚ್ಚದ ಕಡೆ ಕಣ್ಣಿಗೆ ಕಾಣದ ಒಬ್ಬನ ಜೇಬಿಗೆ ಕೈ ಹೋಗಿರುತ್ತದೆ ಎಂಬುದು ನಿರಂಜನನ ಸಿದ್ಧಾಂತ. ಆದ್ದರಿಂದ ಅವನು ಫೋನು ಮಾಡುತ್ತಿರಲಿಲ್ಲ. ಗ್ಯಾಸಿನ ಸಬ್ಸಿಡಿ ಬಿಟ್ಟಿದ್ದ. ತರಕಾರಿಯವಳ ಹತ್ತಿರ ಚೌಕಾಸಿ ಮಾಡುತ್ತಿರಲಿಲ್ಲ. ಇಬ್ಬರು ಒಪ್ಪಿ ಆಡಿದ ಬೆಲೆಯೇ ನ್ಯಾಯ. ಮಗಳು ಅರ್ಪಿತಾ ಚಿಕ್ಕವಳಿದ್ದಾಗ ಬೂಟು ಪಾಲಿಶ್ ಮಾಡಿದರೆ ಅವಳಿಂದಲೇ ದರ ಕೇಳಿ ಕೊಡುತ್ತಿದ್ದ. ಒಂದು ದಿನ ಅವಳು, "ಅಪ್ಪ, ಮುತ್ತಿಗೆಷ್ಟು?" ಎಂದು ಕೇಳಿದಾಗ ಮನೆಯವರೆಲ್ಲ ನಕ್ಕಿದ್ದರು. ಅವನೂ ನಕ್ಕಿದ್ದ, ಕೊಂಚ ತಡವಾಗಿ.

ಕ್ವಾರ್ಟರ್ಸನ್ನು ಮಾತ್ರ ಬಿಟ್ಟಿರಲಿಲ್ಲ. ಮಧುರವಾಡದ ಕಡೆ ಹೊಸ ಅಪಾರ್ಟ್‌ಮೆಂಟುಗಳಿವೆ, ನೋಡೋಣ ಎನ್ನುತ್ತಲೇ ಮಗಳು ಕಾಲೇಜು ಸೇರಿದ್ದಳು.

ಹೊರಗೆ ಚಪ್ಪಲಿ ಬಿಡುವ ಸದ್ದಾಯಿತು. ಇನ್ನೂ ಸರಿಯಾಗಿ ಬೆಳಕು ಹರಿದಿರಲಿಲ್ಲ. ಈ ಹೊತ್ತಿಗೆ ವಾಕಿಂಗ್ ನೆಪದಲ್ಲಿ ಮನೆ ಮನೆ ಹೊಕ್ಕು ಬರುವವರು ಕಮಲಮ್ಮ ಒಬ್ಬರೇ. ಮಂಡ್ಯದ ಕಡೆಯವರು, ಗಂಡ ಇದೇ ಕಾರ್ಖಾನೆಯಲ್ಲಿ ಫೋರ್‌ಮನ್ ಆಗಿದ್ದು ತೀರಿಕೊಂಡವರು, ಈಗ ಇಲ್ಲೇ ಕೆಲಸದಲ್ಲಿರುವ ಮಗನ ಮನೆಯಲ್ಲಿದ್ದಾರೆ. ಟೌನ್‌ಶಿಪ್ಪಿನ ಕನ್ನಡ ಸಂಘವೆಂದರೆ ಅವರೇ. ಕಾರ್ಯದರ್ಶಿ ಎಂಬ ಹೆಸರು ಮಾತ್ರ ನಿರಂಜನನದು.

"ಏನಪ್ಪಾ ನಿರಂಜನ, ಇಷ್ಟೊತ್ಗೇ ನಲ್ಲಿ ಜೊತೆ ಕುಸ್ತಿ?"

"ಬನ್ನಿ ಕಮಲಮ್ಮನವರೇ, ಕೂತ್ಕೊಳ್ಳಿ."

"ಕೂರಕ್ಕೆ ಬರ್ಲಿಲ್ಲ ಕಣಪ್ಪ. ಕೋಡುಬಳೆ ತಂದೆ, ರೈಲಲ್ಲಿ ತಿನ್ನು. ವಿಜಯವಾಡಕ್ಕೆ ಹೊರಟಿದೀಯಂತೆ, ಆಫೀಸ್ ಕೆಲ್ಸ ಅಂತ ರೇಣುಕಾ ಅಂದ್ಲು."

"ಹೂಂ. ಆಫೀಸ್ ಕೆಲಸ."

ಫ್ಲಾಸ್ಕಿಗೆ ಕಾಫಿ ಬಗ್ಗಿಸುತ್ತಿದ್ದ ರೇಣುಕಾಳ ಕೈ ಒಂದಿಷ್ಟೂ ಅಲುಗಲಿಲ್ಲ. ಅದನ್ನು ನಿರಂಜನ ಗಮನಿಸಿದ.

"ಇವತ್ತು ಸಂಜೆ ಆರಕ್ಕೆ ಗಡುವು. ನೆನಪದೆ ತಾನೆ?"

"ಇದೆ. ರೈಲಲ್ಲೇ ಕೂತು ಬರೆದು ಮೇಲ್ ಮಾಡ್ತೀನಿ."

"ದಸರಾದಿಂದ ಇದ್ನೇ ಹೇಳ್ತಿದೀಯ. ಆರು ದಾಟ್ತು ಅಂದ್ರೆ ಸಂಘದ ರೂಮು ಹೋದಂಗೇಯ. ನಿನ್ ಬಿಟ್ರೆ ಆ ಮುಕ್ತಂಗೆ ಇಂಗ್ಲಿಷ್ನಲ್ಲಿ ಎದುರು ನಿಲ್ಲೋರು ನಮ್ಮಲ್ಲಿ ಯಾರವ್ರೆ ಹೇಳು? ಹೆಂಗ್ ಬರೀಬೇಕು ಅಂದ್ರೆ, ಓದಿದ್ ಮೇಲೆ ಅವ್ನಿಗೆ ಒಂದ್ ವಾರ ಅನ್ನ ಇಳೀಬಾರ್ದು."

"ಬರೀತೀನಿ."

"ಆದ್ರೂ ಒಂದ್ ಮಾತು. ಚೆನ್ನಾಗ್ ಬರ್ದವ್ನೆ ಕಣಪ್ಪ, ಬಡ್ಡೀಮಗ." ಕಮಲಮ್ಮ ಬಾಗಿಲಲ್ಲಿ ನಿಂತು, ಬಾಯಿಪಾಠ ಒಪ್ಪಿಸುವವರಂತೆ ಹೇಳಿದರು: "ಭಾಷೆ ಬದುಕಬೇಕಾದರೆ ಅದರ ಬಾಡಿಗೆಯನ್ನು ಅದೇ ಕಟ್ಟಲಿ! ನೋಡು, ಸಿಟ್ಟೂ ಬತ್ತದೆ, ನಗೂವೇ ಬತ್ತದೆ."

ನಿರಂಜನನ ಎದೆಯೊಳಗೆ ಸಣ್ಣದೊಂದು ಹಿಗ್ಗು ಎದ್ದಿತು. ಹೊಗಳಿಸಿಕೊಂಡ ಹಿಗ್ಗು. ಅದು ಎದ್ದದ್ದು ತಿಳಿದ ಕೂಡಲೇ ಅವನಿಗೆ ಸ್ಪ್ಯಾನರನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ.

ಏಕೆಂದರೆ ಮುಕ್ತನೆಂದರೆ ಅವನೇ.

*

ರೈಲಿನಲ್ಲಿ ಜಾಗ ಹಿಡಿದು ಕೂತ. ಅನಕಾಪಲ್ಲಿ ದಾಟುವಾಗ ಕೋಡುಬಳೆಯ ಡಬ್ಬಿ ತೆರೆದು ಮತ್ತೆ ಮುಚ್ಚಿದ.

ಎಷ್ಟೋ ವರ್ಷಗಳಿಂದ ಅವನು ಒಂದು ಇಂಗ್ಲಿಷ್ ಜಾಲತಾಣಕ್ಕೆ ವಾರಕ್ಕೊಂದು ಅಂಕಣ ಬರೆಯುತ್ತಿದ್ದ. ಆಟೋಗಳಿಗೆ ಪರ್ಮಿಟ್ ಏಕೆ, ಅಕ್ಕಿಗೆ ಸರ್ಕಾರ ಬೆಲೆ ಕಟ್ಟುವುದೇಕೆ, ಭೀಮುನಿಪಟ್ಟಣದ ಬೆಸ್ತ ತನ್ನ ಮೀನನ್ನು ಯಾರಿಗೆ ಮಾರಬೇಕೆಂದು ಹೇಳಲು ಇಲಾಖೆ ಯಾರು, ಸರ್ಕಾರ ಕಾರ್ಖಾನೆ ನಡೆಸುವುದೇಕೆ. ಕೊನೆಯದನ್ನು ಬರೆಯುವಾಗ ಅವನ ಭಾಷೆಗೆ ವಿಶೇಷ ಹರಿತ ಬರುತ್ತಿತ್ತು. ಕಾರ್ಖಾನೆಯ ನೌಕರ ಕಾರ್ಖಾನೆಯನ್ನು ಮಾರಿಬಿಡಿ ಎಂದು ಬರೆದರೆ ಶಿಸ್ತುಕ್ರಮ. ಅದಕ್ಕೇ ಮುಕ್ತನೆಂಬ ಹೆಸರು. ಸ್ವಾತಂತ್ರ್ಯದ ಬಗ್ಗೆ ಬರೆಯುವವನಿಗೆ ಸ್ವಂತ ಹೆಸರು ಹಾಕುವ ಸ್ವಾತಂತ್ರ್ಯವಿರಲಿಲ್ಲ. ಅಥವಾ ಇತ್ತು, ಅದರ ಬೆಲೆ ತೆರಲು ಅವನಿಗೆ ಮನಸ್ಸಿರಲಿಲ್ಲ. ಕಾರ್ಖಾನೆಯಲ್ಲಿ ಅವನಿದ್ದದ್ದು ಯೋಜನಾ ವಿಭಾಗದಲ್ಲಿ.

ಕಳೆದ ಮಳೆಗಾಲದಲ್ಲಿ ಒಂದು ವಾರ ಬರೆಯಲು ಏನೂ ಹೊಳೆದಿರಲಿಲ್ಲ. ಭಾನುವಾರ ಸಂಘದ ಕೋಣೆಯಲ್ಲಿ ಉಪ್ಪಿಟ್ಟು ತಿನ್ನುತ್ತ ಕೂತಿದ್ದ. ಸಮುದಾಯ ಭವನಕ್ಕೆ ಅಂಟಿಕೊಂಡ ಒಂದೇ ಕೋಣೆ. ಕಾರ್ಖಾನೆಯವರು ಹೆಸರಿಗೆ ಮಾತ್ರ ಬಾಡಿಗೆ ಹಿಡಿದು ಕೊಟ್ಟದ್ದು. ಅಲ್ಲಿ ಕಮಲಮ್ಮನೂ ರೇಣುಕಾಳೂ, ಬೀದಿಯಲ್ಲಿ ತೆಲುಗು, ಶಾಲೆಯಲ್ಲಿ ಇಂಗ್ಲಿಷು ಆಡುವ ಮಕ್ಕಳಿಗೆ ಸ್ಲೇಟಿನ ಮೇಲೆ ಅಕ್ಷರ ತಿದ್ದಿಸುತ್ತಿದ್ದರು. ಒಂದು ಮಗು ಅಮ್ಮನಿಗೆ ಫೋನಿನಲ್ಲಿ, "ಅಮ್ಮಾ, ಇಕ್ಕಡ ಉಪ್ಪಿಟ್ಟು ಬಾಗುಂದಿ, ನೀನೂ ಬಾ," ಎಂದಿತು, ತೆಲುಗು ಕನ್ನಡ ಬೆರೆಸಿ. ಬೇರೆಯವರ ದುಡ್ಡಿನಲ್ಲಿ ಭಾಷೆ ಉಳಿಸುವುದಕ್ಕೆ ನಿರಂಜನನಿಗೆ ಉದಾಹರಣೆ ಸಿಕ್ಕಿತು. ಮನೆಗೆ ಹೋಗಿ ಒಂದೇ ಉಸಿರಿಗೆ ಬರೆದ. ಊರಿನ ಹೆಸರಿಲ್ಲ, ಸಂಘದ ಹೆಸರಿಲ್ಲ. ಆದರೆ ಗೊತ್ತಿದ್ದವರಿಗೆ ಗೊತ್ತಾಗುವಂತೆ ಎಲ್ಲ ಇತ್ತು.

ದಸರೆಯ ಹೊತ್ತಿಗೆ ಎಸ್ಟೇಟ್ ವಿಭಾಗದಿಂದ ನೋಟೀಸು ಬಂತು. ಹೊರಗಿನ ಒಬ್ಬರು ಆ ಕೋಣೆಗೆ ಮಾರುಕಟ್ಟೆಯ ಬಾಡಿಗೆ ಕೊಡಲು ಸಿದ್ಧರಿದ್ದಾರೆ. ಅವರು ಲಗತ್ತಿಸಿರುವ ಲೇಖನದ ಪ್ರತಿ ಜೊತೆಗಿದೆ. ಲೇಖನದ ವಾದಗಳಿಗೆ ಸಂಘದ ಉತ್ತರವೇನು?

ಸಂಘದ ಸಭೆಯಲ್ಲಿ ಲೇಖನವನ್ನು ಕನ್ನಡಕ್ಕೆ ಮಾಡುತ್ತ ಓದಿದವಳು ರೇಣುಕಾ. ತಡವರಿಸದೆ ಓದಿದಳು. ಅವಳ ಬಾಯಲ್ಲಿ ಅದು ಮೂಲಕ್ಕಿಂತ ಚೆನ್ನಾಗಿ ಕೇಳುತ್ತಿತ್ತು. ಬಾಡಿಗೆಯ ಆ ಸಾಲು ಬಂದಾಗ ಯಾರೋ ಹಿಂದೆ ನಕ್ಕರು. ರೇಣುಕಾ ತಲೆಯೆತ್ತಿ ಎಲ್ಲರನ್ನೂ ನೋಡಿದಳು, ಅವನೊಬ್ಬನನ್ನು ಬಿಟ್ಟು.

ಅವಳಿಗೆ ಗೊತ್ತೋ ಇಲ್ಲವೋ ಅಂದಿನಿಂದ ಅವನಿಗೆ ತಿಳಿಯದು. ಕೇಳುವಂತಿಲ್ಲ. ಕೇಳಿದರೆ ಹೇಳಿದಂತೆ.

ಅವನು ಫೋನು ತೆಗೆದ. ಅದರಲ್ಲಿ ಎರಡು ಮೇಲ್‌ಬಾಕ್ಸ್‌ಗಳು. ಮೂಲೆಯಲ್ಲಿ ನೀಲಿ ಬೊಟ್ಟಿದ್ದರೆ ನಿರಂಜನನದು, ಕೆಂಪು ಬೊಟ್ಟಿದ್ದರೆ ಮುಕ್ತನದು. ಎಲ್ಲಾದರೂ ಎಡವಟ್ಟಾದೀತೆಂದು ಅವನೇ ಬಣ್ಣ ಆರಿಸಿದ್ದ. ಬರೆಯುವ ಹಾಳೆ ತೆರೆದು, ಇಂಗ್ಲಿಷಿನಲ್ಲಿ ‘ಮಾನ್ಯರೇ’ ಎಂದು ಬರೆದು, ‘ವಿನಂತಿ’ ಎಂಬ ಪದದ ಹತ್ತಿರ ನಿಂತ. ಪ್ರತಿಸಲ ಅಲ್ಲಿಯೇ ನಿಲ್ಲುತ್ತಿದ್ದದ್ದು.

ಚಳ್ಳಕೆರೆಯಲ್ಲಿ ಅಪ್ಪನದು ಒಂದು ಸಣ್ಣ ಎಣ್ಣೆ ಗಿರಣಿ. ಲೈಸೆನ್ಸಿಗೆ, ದಾಸ್ತಾನಿಗೆ, ಕರೆಂಟಿಗೆ ಅರ್ಜಿ. ಅಕ್ಷರ ದುಂಡಗಿದೆಯೆಂದು ಅವನ್ನೆಲ್ಲ ಬರೆಯುತ್ತಿದ್ದವನು ನಿರಂಜನ. ‘ತಮ್ಮ ಪಾದಾರವಿಂದಗಳಲ್ಲಿ’ ಎಂದು ಅಪ್ಪ ಹೇಳುತ್ತಿದ್ದ, ಅವನು ಬರೆಯುತ್ತಿದ್ದ. ಆಮೇಲೆ ಅಪ್ಪ ಟವೆಲನ್ನು ಹೆಗಲಿನಿಂದ ಕಂಕುಳಿಗೆ ಇಳಿಸಿ, ಬೂಟು ಹಾಕಿದ ಹುಡುಗನಂಥ ಇನ್ಸ್‌ಪೆಕ್ಟರನ ಮುಂದೆ ಮೈ ಮಡಿಸಿ ನಿಲ್ಲುತ್ತಿದ್ದ. ಸತ್ತ ದಿನ ಅಪ್ಪನ ಹಣೆಗೆ ನಾಣ್ಯ ಅಂಟಿಸಿ ಗೋಡೆಗೆ ಒರಗಿಸಿ ಕೂರಿಸಿದ್ದರು. ಆಗಲೂ ಅಪ್ಪ ಯಾರದೋ ಸಹಿಗಾಗಿ ಕಾಯುತ್ತಿರುವಂತೆ ಕಂಡಿದ್ದ. ಸರ್ಕಾರದ ಮುಂದೆ ಎಂದೂ ಬೇಡುವುದಿಲ್ಲ ಎಂದು ನಿರಂಜನ ಅಂದೇ ನಿಶ್ಚಯಿಸಿದ್ದು. ಅಂಕಣಗಳೆಲ್ಲ ಅಲ್ಲಿಂದ ಹುಟ್ಟಿದವು. ಅದರಲ್ಲಿ ಸುಳ್ಳೇನಿರಲಿಲ್ಲ.

ಆಮೇಲೆ ಅವನು ಸರ್ಕಾರದ ಕಾರ್ಖಾನೆ ಸೇರಿದ್ದ. ಅದರಲ್ಲೂ ಸುಳ್ಳೇನಿರಲಿಲ್ಲ.

ಫೋನು ಜೇಬಿಗೆ ಸೇರಿತು.

*

ವಿಜಯವಾಡದಲ್ಲಿ, ಬೆಂಜ್ ಸರ್ಕಲಿನ ಹತ್ತಿರದ ಹೋಟೆಲೊಂದರಲ್ಲಿ ವಿಚಾರಗೋಷ್ಠಿ. ‘ಸರ್ಕಾರ ಎಷ್ಟು ಬೇಕು?’ ಎಂದು ಬ್ಯಾನರು. ಕರೆಸಿದವರು ದುರ್ಗಾಪ್ರಸಾದ್, ಕೋಚಿಂಗ್ ಸೆಂಟರುಗಳ ಮಾಲೀಕರು. ಬಿಳಿ ಅಂಗಿ, ನುಣ್ಣನೆಯ ಕೈ, ಬಲವಾದ ಹಸ್ತಲಾಘವ. ಫೋಟೋ ಹಿಡಿಯಬಾರದು, ನಿಜ ಹೆಸರು ಕೇಳಬಾರದು ಎಂಬ ಮುಕ್ತನ ಕರಾರುಗಳನ್ನು ಅವರು ಗೌರವದಿಂದ ಒಪ್ಪಿದ್ದರು.

"ಬನ್ನಿ ಮುಕ್ತ ಗಾರೂ! ನೀವು ಇನ್ನೂ ವಯಸ್ಸಾದವರು ಅಂದ್ಕೊಂಡಿದ್ದೆ." ಅವರ ತೆಲುಗು ಹೂವಿನ ಹಾರದಂತೆ ಕೊರಳಿಗೆ ಬಿತ್ತು.

ಸಭೆಯಲ್ಲಿ ಕಾಲೇಜು ನಡೆಸುವವರು, ಮನೆ ಕಟ್ಟಿಸಿ ಮಾರುವವರು, ಹಾಜರಿಗೆಂದು ಬಂದ ಒಂದಿಷ್ಟು ವಿದ್ಯಾರ್ಥಿಗಳು. ಪರಿಚಯಿಸುತ್ತ ದುರ್ಗಾಪ್ರಸಾದ್ ಬಾಡಿಗೆಯ ಸಾಲನ್ನೇ ತೆಲುಗಿನಲ್ಲಿ ಹೇಳಿದರು. ಸಭೆ ನಕ್ಕಿತು. ನಿರಂಜನನೂ ನಕ್ಕ. ಆಮೇಲೆ ಇಂಗ್ಲಿಷಿನಲ್ಲಿ ಮಾತಾಡಿದ, ಚೆನ್ನಾಗಿಯೇ. ಒಬ್ಬ ಮನುಷ್ಯ ಇನ್ನೊಬ್ಬನ ಮುಂದೆ ಮೈ ಮಡಿಸಿ ನಿಲ್ಲಬೇಕಾಗದ ಸಮಾಜವೇ ಸ್ವತಂತ್ರ ಸಮಾಜ ಎಂದಾಗ ಅವನ ದನಿ ಒಂದಿಷ್ಟು ನಡುಗಿತು. ನಡುಕ ನಿಜವಾಗಿತ್ತು. ಚಪ್ಪಾಳೆಯೂ ನಿಜವಾಗಿತ್ತು.

ಊಟದಲ್ಲಿ ದುರ್ಗಾಪ್ರಸಾದ್ ಪಕ್ಕದಲ್ಲೇ ಕೂತು, ಗೊಂಗೂರ ಚಟ್ನಿಯನ್ನು ಅವನ ಎಲೆಗೆ ತಾವೇ ಬಡಿಸಿದರು.

"ನಿಮ್ಮಿಂದ ನನಗೊಂದು ಉಪಕಾರ ಆಗಿದೆ, ಮುಕ್ತ ಗಾರೂ. ನಿಮಗೆ ಗೊತ್ತಿಲ್ಲದೇನೇ."

"ಏನು?"

"ವೈಜಾಗ್‌ನಲ್ಲಿ ಒಂದು ಟೌನ್‌ಶಿಪ್ ಒಳಗೆ ನಮಗೊಂದು ಜಾಗ ಬೇಕಿತ್ತು. ನೌಕರರ ಮಕ್ಕಳೆಲ್ಲ ಅಲ್ಲೇ ಸಿಗ್ತಾರಲ್ಲ. ಒಂದು ಒಳ್ಳೆ ಕೋಣೆ ಇದೆ, ಯಾರೋ ಕನ್ನಡದವರು ಹಿಡ್ಕೊಂಡು ಕೂತಿದಾರೆ. ಅರ್ಜಿ ಜೊತೆ ನಿಮ್ಮ ಲೇಖನ ಇಟ್ಟೆ. ಫೈಲು ಓಡಿತು ನೋಡಿ!"

ನಿರಂಜನ ತುತ್ತನ್ನು ಕಲಸುತ್ತಲೇ ಇದ್ದ.

"ಇವತ್ತು ಅವರಿಗೆ ಕಡೇ ದಿನ. ಇನ್ನೂ ಒಂದು ಸಾಲು ಉತ್ತರ ಕೊಟ್ಟಿಲ್ಲವಂತೆ. ಸೆಕ್ರೆಟರಿ ಯಾರೋ ಶುದ್ಧ ಸೋಮಾರಿಯಂತೆ. ದೇವರು ಅಂಥವರನ್ನ ನಮಗಾಗಿಯೇ ಸೃಷ್ಟಿಸಿರ್ತಾನೆ." ದುರ್ಗಾಪ್ರಸಾದ್ ಮನಸಾರೆ ನಕ್ಕರು. ಆಮೇಲೆ ದನಿ ಇಳಿಸಿದರು. "ಇನ್ನೊಂದು ಉಪಕಾರ ಆಗಬೇಕು. ಟೆಂಡರ್ ಅಂತ ಕರೆದರೆ ಇನ್ನೂ ನಾಲ್ಕು ಜನ ನುಗ್ತಾರೆ. ಕರೆಯದೇನೇ ನಮಗೆ ಆದ್ರೆ ಎಲ್ಲರಿಗೂ ಸುಲಭ. ನೀವು ಒಂದು ಮಾತು ಎಸ್ಟೇಟ್ ಆಫೀಸರಿಗೆ..."

"ಟೆಂಡರ್ ಬೇಡವೇ? ಸ್ಪರ್ಧೆ..."

"ಸ್ಪರ್ಧೆ ಒಳ್ಳೇದೇ ಸಾರ್. ಅದರ ಮೇಲೆ ನೀವು ಬರೆದದ್ದು ಎಲ್ಲ ಓದಿದೀನಿ." ಅವರು ಮಜ್ಜಿಗೆ ತರಿಸಿದರು. "ಅಲ್ಲಿ ನಿಮಗೆ ಯಾರಾದರೂ ಪರಿಚಯ?"

"ಇಲ್ಲ."

"ಟೌನ್‌ಶಿಪ್‌ನಲ್ಲಿ ಯಾರೂ?"

"ಯಾರೂ ಇಲ್ಲ. ನನ್ನದು ಕನ್ಸಲ್ಟೆನ್ಸಿ."

"ನೀವು ಯಾವ ಕಡೆಯವರು? ನಿಮ್ಮ ತೆಲುಗು ಸ್ವಲ್ಪ ಬೇರೆ ಥರ ಇದೆ. ಕನ್ನಡದವರೇನಾದರೂ..."

"ಅಲ್ಲ," ಎಂದ ನಿರಂಜನ. "ಅನಂತಪುರದ ಕಡೆ."

ಸುಳ್ಳು ಬಾಯಿಂದ ಎಷ್ಟು ನಯವಾಗಿ ಹೊರಬಿತ್ತೆಂದರೆ ಅವನಿಗೇ ಅಚ್ಚರಿಯಾಯಿತು. ಮಜ್ಜಿಗೆ ಕುಡಿದ. ಕೈ ತೊಳೆಯಲು ಹೋದಾಗ ಅಲ್ಲಿನ ನಲ್ಲಿ ಕೈಯೊಡ್ಡಿದ ಕೂಡಲೇ ತಾನಾಗಿ ಸುರಿಯಿತು, ಕೈ ತೆಗೆದ ಕೂಡಲೇ ನಿಂತಿತು. ಒಂದು ಹನಿಯೂ ಆಚೀಚೆ ಇಲ್ಲ. ಅವನು ಸುಮ್ಮನೆ ಕೈಯೊಡ್ಡುತ್ತ, ತೆಗೆಯುತ್ತ ಸ್ವಲ್ಪ ಹೊತ್ತು ಅಲ್ಲಿಯೇ ನಿಂತಿದ್ದ.

*

ಮರಳುವ ರೈಲಿನಲ್ಲಿ ಎಸಿ ಬೋಗಿ. ಕಿಟಕಿಯ ಪಕ್ಕ ಒಬ್ಬ ವಯಸ್ಸಾದ ಹೆಂಗಸು. ಮಡಿಲಲ್ಲಿ ಕನಕದುರ್ಗೆಯ ಗುಡಿಯ ಪ್ರಸಾದದ ಚೀಲ, ಹಣೆತುಂಬ ಕುಂಕುಮ. ನಿರಂಜನ ಅವಳ ಪಕ್ಕ ಕೂತು, ಏಲೂರು ಬರುವ ಮೊದಲೇ ಫೋನು ತೆಗೆದು ಬರೆಯತೊಡಗಿದ.

ಈಸಲ ‘ವಿನಂತಿ’ಯ ಹತ್ತಿರ ನಿಲ್ಲಲಿಲ್ಲ. ಅನಂತಪುರದವನಿಗೆ ಇನ್ನೆಂಥ ಮಾನ.

ಬರೆಯುತ್ತ ಹೋದಂತೆ ಅವನಿಗೆ ಬೇರೊಂದು ಗಾಬರಿ ಹುಟ್ಟಿತು. ಮುಕ್ತನ ವಾದವನ್ನು ಮುರಿಯುವುದು ಏನೇನೂ ಕಷ್ಟವಿರಲಿಲ್ಲ. ಎಲ್ಲಿ ಬಿರುಕಿದೆ, ಎಲ್ಲಿ ಒಂದು ಚಮತ್ಕಾರದ ಸಾಲಿನಿಂದ ಬಿರುಕು ಮುಚ್ಚಿದೆ ಎಂಬುದೆಲ್ಲ ಬೆರಳ ತುದಿಯಲ್ಲಿತ್ತು. ಬರೆಯುವಾಗಲೇ ಇತ್ತು. ಆ ಕೋಣೆಯಿಂದ ಕಾರ್ಖಾನೆಗೆ ನಷ್ಟವಾಗುತ್ತಿದೆ ಎಂದಾದರೆ ಟೌನ್‌ಶಿಪ್ಪಿನ ಪ್ರತಿಯೊಂದು ಕ್ವಾರ್ಟರ್ಸಿನಿಂದಲೂ ಆಗುತ್ತಿದೆ. ಲೇಖಕರು ದೊಡ್ಡದನ್ನು ಬಿಟ್ಟು ಚಿಕ್ಕದನ್ನು ಆರಿಸಿಕೊಂಡದ್ದೇಕೆ? ಊರು ಬಿಟ್ಟು ಬಂದು ಇಲ್ಲಿ ದುಡಿದವರು ತಮ್ಮ ಮಕ್ಕಳೊಂದಿಗೆ ಮಾತಾಡಲು ಕೇಳುತ್ತಿರುವುದು ವಾರಕ್ಕೊಂದು ಬೆಳಗು. ಎಲ್ಲದಕ್ಕೂ ಬೆಲೆಯಿದೆ ಎಂಬುದು ನಿಜವೇ ಇರಬಹುದು. ಯಾರು ಹೆಚ್ಚು ಕೊಡುತ್ತಾರೋ ಅವರೇ ಅದನ್ನು ಬಲ್ಲರು ಎಂಬುದು ಅದರಿಂದ ಹೊರಡುವುದಿಲ್ಲ. ‘ಮುಕ್ತ ಎಂಬ ಈ ಲೇಖಕರು ಆ ಕೋಣೆಯನ್ನು ಎಂದೂ ಕಂಡಂತೆ ತೋರುವುದಿಲ್ಲ,’ ಎಂದು ಬರೆದು, ಅಳಿಸಿ, ಮತ್ತೆ ಬರೆದ.

ಹಾಗಿದ್ದರೆ ತಿಂಗಳುಗಟ್ಟಲೆ ತಡೆದದ್ದು ಸಿದ್ಧಾಂತವಲ್ಲ. ಎದುರು ವಾದ ಇಷ್ಟು ಸಲೀಸಾಗಿ ಬರುತ್ತದೆಂಬುದು ತನಗೆ ಗೊತ್ತಾಗಬಾರದಿತ್ತು, ಅಷ್ಟೆ.

ಕೊನೆಗೆ ‘ದಯಮಾಡಿ ಪರಿಶೀಲಿಸಬೇಕಾಗಿ’ ಎಂದು ಬರೆದ. ಭುಜ ತಾನಾಗಿ ಮುಂದಕ್ಕೆ ಬಾಗಿತ್ತು. ಕಂಕುಳಲ್ಲಿ ಟವೆಲಿರಲಿಲ್ಲ.

ರೇಣುಕಾಳ ಸಂದೇಶ ಬಂತು. ‘ನಲ್ಲಿ ಸರಿಹೋಯ್ತು. ನಾನೇ ಫೋನ್ ಮಾಡಿದ್ದೆ, ಬಂದು ಹಾಕಿಹೋದ್ರು. ವಾಷರ್ ತಿರುವುಮುರುವು ಆಗಿತ್ತಂತೆ.’

ಹಿಂದೆಯೇ ಇನ್ನೊಂದು. ‘ಕಮಲಮ್ಮ ಕೋಣೆಯಲ್ಲೇ ಕೂತಿದಾರೆ. ಸ್ಲೇಟೆಲ್ಲ ಒರೆಸಿ ಜೋಡಿಸ್ತಿದಾರೆ. ಭಾನುವಾರ ಇರುತ್ತೋ ಇಲ್ವೋ ಅಂತ ಕೇಳಿದ್ರು, ನಾನೇನೂ ಹೇಳಲಿಲ್ಲ.’

ಆಮೇಲೆ ಸ್ವಲ್ಪ ತಡೆದು, ಮೂರನೆಯದು. ‘ಮುಕ್ತನಿಗೆ ಉತ್ತರ ಹೋಯ್ತಾ?’

ಅವನು ಆ ಪ್ರಶ್ನೆಯನ್ನು ತಿರುಗಿಸಿ ಮುರುಗಿಸಿ ಓದಿದ. ಅದರಲ್ಲಿ ಏನೂ ಇರಲಿಲ್ಲ. ಎಲ್ಲವೂ ಇತ್ತು. ‘ಈಗ ಕಳಿಸ್ತೀನಿ,’ ಎಂದು ಬರೆದ.

ಅಷ್ಟರಲ್ಲಿ ಫೋನು ಮತ್ತೆ ಮಿಡಿಯಿತು. ದುರ್ಗಾಪ್ರಸಾದರ ಮೇಲ್. ಗೋಷ್ಠಿಗೆ ಬಂದದ್ದಕ್ಕೆ ಧನ್ಯವಾದ, ಕೋಣೆಯ ವಿವರ, ಎಸ್ಟೇಟ್ ಆಫೀಸರ ಹೆಸರು, ‘ತಮ್ಮಂಥವರ ಒಂದು ಮಾತು ಸಾಕು’ ಎಂಬ ಸಾಲು. ಓದುತ್ತ ಓದುತ್ತ ಅವನ ಕಿವಿ ಬಿಸಿಯಾಯಿತು. ಹೊರಗೆ ಬೆಳಕು ಇಳಿಯುತ್ತಿತ್ತು. ಆರಕ್ಕೆ ಇನ್ನು ಹೆಚ್ಚು ಹೊತ್ತಿರಲಿಲ್ಲ. ಮೇಲನ್ನು ಮುಚ್ಚಿ ಅಲ್ಲಿಯೇ ಹೊಸ ಹಾಳೆ ತೆರೆದ. ಬರೆದಿಟ್ಟದ್ದನ್ನು ತಂದು ಅಂಟಿಸಿದ. ಎಸ್ಟೇಟ್ ವಿಭಾಗದ ವಿಳಾಸ ಹಾಕಿದ. ಕೆಳಗೆ ತನ್ನ ಹೆಸರು, ಕಾರ್ಯದರ್ಶಿ, ಕನ್ನಡ ಸಂಘ. ಎಲ್ಲಿ ಮತ್ತೆ ನಿಂತುಬಿಡುತ್ತೇನೋ ಎಂಬ ಭಯದಲ್ಲಿ ಬೇಗ ಒತ್ತಿದ.

ಕಾಗದ ಹೋಯಿತು.

ಗಾಲಿಗಳ ಸದ್ದು ಬದಲಾಗಿ ಟೊಳ್ಳಾಯಿತು. ರೈಲು ಗೋದಾವರಿಯ ಸೇತುವೆಗೆ ಬಂದಿತ್ತು. ಬೋಗಿಯಲ್ಲಿ ಒಬ್ಬಿಬ್ಬರು ಎದ್ದು ನಿಂತು ಕೈ ಮುಗಿದರು.

ನಿರಂಜನ ಹಗುರಾಗಿ ಹಿಂದಕ್ಕೆ ಒರಗಿದ. ಆಗ ಕಂಡಿತು. ಪರದೆಯ ಮೂಲೆಯಲ್ಲಿದ್ದದ್ದು ಕೆಂಪು ಬೊಟ್ಟು.

ಮುಕ್ತನನ್ನು ಖಂಡಿಸುವ ಕಾಗದ, ಕಾರ್ಯದರ್ಶಿ ನಿರಂಜನನ ಸಹಿಯೊಂದಿಗೆ, ಮುಕ್ತನ ವಿಳಾಸದಿಂದ ಹೊರಟಿತ್ತು. ಪರದೆಯ ತಳದಲ್ಲಿ ಸಣ್ಣ ಪಟ್ಟಿಯೊಂದು ಬಂದು ಕೂತಿತ್ತು: ಬೇಕಿದ್ದರೆ ಹಿಂದಕ್ಕೆ ಪಡೆಯಬಹುದು. ಕೆಲವೇ ಕ್ಷಣ ಇರುವಂಥದು. ಅವನ ಹೆಬ್ಬೆರಳು ಅದರ ಮೇಲೆ, ಮುಟ್ಟದೆ, ನಿಂತಿತು.

"ಬಾಬೂ," ಎಂದಳು ಪಕ್ಕದ ಹೆಂಗಸು ತೆಲುಗಿನಲ್ಲಿ. ಸೆರಗಿನ ಗಂಟು ಬಿಚ್ಚಿ ಒಂದು ನಾಣ್ಯ ತೆಗೆದಿದ್ದಳು. "ಈ ಕಿಟಕಿ ಹೇಗೆ ತೆಗೆಯೋದು? ತಾಯಿಗೆ ಹಾಕಬೇಕು."

"ತೆಗೆಯೋಕೆ ಬರೋಲ್ಲಮ್ಮ ಇದು."

"ಮತ್ತೆ ಹೇಗೆ?"

ಅವನು ಗಾಜಿನಾಚೆ ನೋಡಿದ. ಕೆಳಗೆ ನದಿ ಹಿಂದಕ್ಕೆ ಹೋಗುತ್ತಿತ್ತು. ಪಟ್ಟಿ ಇನ್ನೂ ಇತ್ತೇ, ಇಲ್ಲವೇ? ಮತ್ತೆ ನೋಡುವ ಹೊತ್ತಿಗೆ ಪರದೆ ಬರಿದಾಗಿತ್ತು.

ಹೆಂಗಸು ನಾಣ್ಯವನ್ನು ಗಾಜಿಗೆ ಒತ್ತಿ ಹಿಡಿದಳು, ಒತ್ತಿದರೆ ದಾಟೀತು ಎಂಬಂತೆ. ಬೋಗಿಯ ದೀಪಗಳು ಹೊತ್ತಿಕೊಂಡಿದ್ದವು. ಕಪ್ಪೇರುತ್ತಿದ್ದ ಗಾಜಿನಲ್ಲಿ ಅವನ ಮುಖ ಮೂಡಿತ್ತು, ಹಿಂದಕ್ಕೆ ಒರಗಿ, ಯಾರಿಗೋ ಕಾಯುತ್ತಿರುವಂತೆ. ನಾಣ್ಯ ಸರಿಯಾಗಿ ಅದರ ಹಣೆಯ ಮೇಲೆ ಅಂಟಿಕೊಂಡಿತ್ತು. ಸೇತುವೆ ಮುಗಿಯುವವರೆಗೂ ಅವಳು ಕೈ ತೆಗೆಯಲಿಲ್ಲ.